ಅಳತೆಯಮ್ಮನ ಅರ್ಜಿ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಹೇಳುತ್ತ ಬಂದವರಲ್ಲಿ ಒಬ್ಬರಾದರೂ ಆ ನೆಲವನ್ನು ಅಳೆದು ನೋಡಿದಂತಿಲ್ಲ. ಅಳೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ಹೆಂಗಸಿಗೆ ಮಾತ್ರ ಆ ಗಾದೆ ಕಿವಿಗೆ ಬಿದ್ದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತಿತ್ತು: ಎಷ್ಟು ಡೊಂಕು?

ನಗರದ ವಸತಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ದುಡಿದ ಅವರನ್ನು ಎಲ್ಲರೂ ಅಳತೆಯಮ್ಮ ಎಂದೇ ಕರೆಯುತ್ತಿದ್ದರು. ಮನೆ ಮಾಲೀಕರಿಗೂ ಬಾಡಿಗೆದಾರರಿಗೂ ಜಗಳ ಹತ್ತಿಕೊಂಡರೆ ಕಚೇರಿಯಿಂದ ಹೋಗುವವರು ಅವರು. ಕರಾರಿನಲ್ಲಿ ಬರೆದಷ್ಟು ದೊಡ್ಡದಾಗಿ ಕೋಣೆ ಇದೆಯೇ, ಮೆಟ್ಟಿಲು ಒಂದಕ್ಕೊಂದು ಸಮನಾಗಿದೆಯೇ, ಗೋಡೆಯಲ್ಲಿ ತೇವ ಎಷ್ಟು, ಬಿರುಕು ಹಳೆಯದೋ ಹೊಸದೋ ಎಂದು ನೋಡಿ ವರದಿ ಬರೆಯಬೇಕು. ಹೆಗಲ ಚೀಲದಲ್ಲಿ ಒಂದು ಟೇಪು, ಗೋಡೆ ನೆಟ್ಟಗಿದೆಯೇ ನೋಡುವ ತೂಕದ ಗುಂಡು, ತೇವ ಅಳೆಯುವ ಎರಡು ಮುಳ್ಳಿನ ಯಂತ್ರ, ಮತ್ತು ಒಂದಿಷ್ಟು ತೆಳು ಗಾಜಿನ ಪಟ್ಟಿಗಳು. ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಬಂದ ಮೇಲೆ, ಮೂರು ತಿಂಗಳಲ್ಲಿ ಅದು ಒಡೆದಿದ್ದರೆ ಗೋಡೆ ಇನ್ನೂ ಅಲುಗಾಡುತ್ತಿದೆ ಎಂದು ಅರ್ಥ.

ಬಾಗಿಲು ತೆರೆದ ಕೂಡಲೇ ಎರಡೂ ಕಡೆಯವರು ಒಟ್ಟಿಗೆ ಬಾಯಿ ತೆರೆಯುತ್ತಿದ್ದರು. ಅಳತೆಯಮ್ಮ ಕೈ ಎತ್ತಿ, “ಮೊದಲು ಟೇಪು, ಆಮೇಲೆ ಮಾತು” ಎನ್ನುತ್ತಿದ್ದರು. ಮಾತು ಕೇಳಿದ ಮೇಲೆ ಅಳೆದರೆ ಕೈ ಮಾತಿನ ಕಡೆಗೆ ವಾಲುತ್ತದೆ ಎನ್ನುವುದು ಅವರ ಅನುಭವ. ಅಳೆದು ಮುಗಿಸಿ, ಸಂಖ್ಯೆಗಳನ್ನು ಬರೆದುಕೊಂಡು, ಪುಸ್ತಕ ಮುಚ್ಚಿದ ಮೇಲೆ ಅರ್ಧ ಗಂಟೆ ಬೇಕಾದರೂ ಕೂತು ಕೇಳುವರು.

ಅಷ್ಟಾದರೂ ಜಗಳ ಮುಗಿಯದಿದ್ದರೆ ಅದು ಬಾಡಿಗೆ ನ್ಯಾಯಮಂಡಳಿಗೆ ಹೋಗುತ್ತಿತ್ತು. ಅಲ್ಲಿ ಪೀಠದಲ್ಲಿ ಇಬ್ಬರು: ಕಾನೂನು ಓದಿದ ಅಧ್ಯಕ್ಷರು, ಕಟ್ಟಡದ ಕೆಲಸ ಬಲ್ಲ ತಾಂತ್ರಿಕ ಸದಸ್ಯರು. ಅಳತೆಯಮ್ಮನಿಗೆ ಸಾಕ್ಷಿ ಹೇಳಲು ಕರೆ ಬರುತ್ತಿತ್ತು. ಮೂರನೇ ಮಹಡಿ, ಉದ್ದನೆಯ ಪಡಸಾಲೆ, ಒಂದು ಕಾಲು ಗಿಡ್ಡವಾದ ಬೆಂಚು. ಹೆಸರು ಕೂಗಿದಾಗ ಒಳಗೆ ಹೋಗಿ, ಎಡಗಡೆಯ ಕಟಕಟೆ ಹತ್ತಿ, ಬಲಗೈ ಎತ್ತಿ ಪ್ರಮಾಣ ಮಾಡಿ, ಕೇಳಿದ್ದಕ್ಕೆ ಉತ್ತರ ಹೇಳಿ ಇಳಿದು ಬರುವುದು. ಕೇಳಿದ್ದಕ್ಕೆ ಮಾತ್ರ.

ಈ ‘ಮಾತ್ರ’ ಎಂಬುದು ಎಂಟು ವರ್ಷದಿಂದ ಅವರ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಕೊಡೆ ರಿಪೇರಿ ಮಾಡಿ ಬದುಕುತ್ತಿದ್ದ ಒಬ್ಬ ಹೆಂಗಸಿನ ಮೊಕದ್ದಮೆ ಅದು. ಆಕೆ ಮಲಗುವ ಕೋಣೆಯ ಗೋಡೆ ವರ್ಷಪೂರ್ತಿ ಒದ್ದೆ. ಮಾಲೀಕರ ಪರ ವಾದಿಸಿದವರು ಕೆಮ್ಮು ವಕೀಲರು. ಎದುರಾಳಿಯನ್ನು ಕೆಡವುವ ಪ್ರಶ್ನೆ ಕೇಳುವ ಮುನ್ನ ಒಮ್ಮೆ ಕೆಮ್ಮುವ ಅಭ್ಯಾಸ ಇದ್ದುದರಿಂದ ಅವರಿಗೆ ಆ ಹೆಸರು. ಅಂದು ಅವರು ಕೆಮ್ಮಿ ಕೇಳಿದರು: ಚಾವಣಿ ಸೋರುತ್ತಿದೆಯೇ? ಇಲ್ಲ. ಹೊರಗೋಡೆಯಿಂದ ನೀರು ಬರುತ್ತಿದೆಯೇ? ಇಲ್ಲ. ಅಷ್ಟು ಸಾಕು ಎಂದು ಕೂತುಬಿಟ್ಟರು. ನೀರು ಬರುತ್ತಿದ್ದದ್ದು ಗೋಡೆಯ ಹೊಟ್ಟೆಯೊಳಗೆ ಹಾದುಹೋಗಿದ್ದ ಮೇಲ್ಮನೆಯ ಕೊಳವೆಯಿಂದ. ವರದಿಯ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಬಾಡಿಗೆದಾರಳಿಗೆ ವಕೀಲರಿರಲಿಲ್ಲ. ಸಂಖ್ಯೆಗಳನ್ನು ನೋಡಿಯೇ ಗುಟ್ಟು ಹಿಡಿಯಬಹುದಾಗಿದ್ದ ತಾಂತ್ರಿಕ ಸದಸ್ಯರು ಅಂದು ರಜೆ. ಅಳತೆಯಮ್ಮ ಬಾಯಿ ತೆರೆದರು. “ಕೇಳಿದಾಗ ಹೇಳಿ” ಎಂದರು ಅಂದಿನ ಅಧ್ಯಕ್ಷರು. ಬಾಯಿ ಮುಚ್ಚಿದರು. ದೂರು ವಜಾ ಆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಕೊಡೆ ರಿಪೇರಿಯವಳೇ ಮನೆ ಖಾಲಿ ಮಾಡಬೇಕಾಯಿತು.

ಒಂದು ಮಂಗಳವಾರ ಅದೇ ಪಡಸಾಲೆಯಲ್ಲಿ ಕರೆಗಾಗಿ ಕಾಯುತ್ತಿದ್ದಾಗ ಫಲಕದ ಮೇಲೆ ಹೊಸ ಪ್ರಕಟಣೆ ಕಂಡಿತು. ಪಕ್ಕದ ಜಿಲ್ಲೆಯ ಬಾಡಿಗೆ ನ್ಯಾಯಮಂಡಳಿಗೆ ತಾಂತ್ರಿಕ ಸದಸ್ಯರೊಬ್ಬರು ಬೇಕು. ತಿಂಗಳಿಗೆ ಎಂಟು ದಿನದ ಕೆಲಸ. ಕಟ್ಟಡಗಳ ಪರಿಶೀಲನೆಯಲ್ಲಿ ಹತ್ತು ವರ್ಷದ ಅನುಭವ ಇರಬೇಕು, ಕಾನೂನು ಪದವಿ ಬೇಕಿಲ್ಲ. ಅಳತೆಯಮ್ಮ ಎರಡು ಸಲ ಓದಿದರು. ಅಷ್ಟರಲ್ಲಿ ಕೂಗು ಬಂತು. ಒಳಗೆ ಹೋಗಿ ಒಂದು ಅಡುಗೆಮನೆಯ ಕಿಟಕಿಯ ಬಗ್ಗೆ ಸಾಕ್ಷಿ ಹೇಳಿ ಬಂದು, ಮೂರನೇ ಸಲ ಓದಿದರು. ‘ಬೇಕಿಲ್ಲ’ ಎಂಬ ಪದ ಹಾಗೆಯೇ ಇತ್ತು.

ಮನೆಯಲ್ಲಿ ಗಂಡ ಕಟ್ಟುಹಲ್ಲು ಮಾಡುವವರು. ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಿಟಕಿಯ ದಂಡೆಯ ಮೇಲೆ ಎಂಟು ಹತ್ತು ಜನರ ನಗು ಯಾವಾಗಲೂ ಒಣಗುತ್ತಿರುತ್ತಿತ್ತು. ನಾದಿನಿ, ಅಂದರೆ ಗಂಡನ ತಂಗಿ, ಪಕ್ಕದ ಬೀದಿಯಲ್ಲಿದ್ದಳು. ನ್ಯಾಯಾಲಯದ ಎದುರಿನ ನೋಟರಿ ಅಂಗಡಿಯಲ್ಲಿ ಟೈಪು ಮಾಡುವ ಕೆಲಸ. ಕೆಲಸ ಬಿಟ್ಟು ಮನೆಗೆ ಹೋಗುವ ದಾರಿಯಲ್ಲಿ ಅಣ್ಣನ ಮನೆಯಲ್ಲಿ ಕಾಫಿ ಕುಡಿಯದೆ ಹೋದ ದಿನವಿಲ್ಲ.

ಅಂದು ಸಂಜೆ ಅಳತೆಯಮ್ಮ ವಿಷಯ ತೆಗೆದರು, ಬೇರೆಯವರ ಸುದ್ದಿ ಹೇಳುವ ದನಿಯಲ್ಲಿ.

“ಪಕ್ಕದ ಜಿಲ್ಲೆ ಮಂಡಳಿಗೆ ಯಾರನ್ನೋ ತಗೋತಾರಂತೆ.”

“ಯಾರನ್ನೋ ಅಂದ್ರೆ?” ನಾದಿನಿ ಲೋಟ ಕೆಳಗಿಟ್ಟಳು. “ಅತ್ತಿಗೆ, ಆ ಪ್ರಕಟಣೆ ಟೈಪು ಮಾಡಿದ್ದೇ ನಾನು. ಹತ್ತು ದಿನದಿಂದ ನೋಡ್ತಾ ಇದ್ದೀನಿ, ನೀವಾಗೇ ಬಾಯಿ ಬಿಡ್ತೀರಾ ಇಲ್ವಾ ಅಂತ.”

“ನಾನಾ? ಇಂಜಿನಿಯರುಗಳು ಹಾಕ್ತಾರೆ ಕಣೇ. ಕಾಲೇಜಲ್ಲಿ ಪಾಠ ಹೇಳೋರು ಹಾಕ್ತಾರೆ. ನನ್ನದು ನಕ್ಷೆ ಬರೆಯೋ ಡಿಪ್ಲೊಮಾ.”

ಗಂಡ ಒಂದು ಕೆಳದವಡೆಯನ್ನು ಉಜ್ಜುತ್ತ ತಲೆ ಎತ್ತದೆ ಹೇಳಿದರು: “ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ನಿನಗೆ ಎರಡೂ ಇದೆ, ಅಗಿಯೋಕೆ ಸೋಮಾರಿತನ.”

“ಸುಮ್ನಿರ್ರೀ.”

“ಅಲ್ಲ, ಒಂದು ಮಾತು. ನ್ಯಾಯಾಧೀಶೆ ಗಂಡ ಅಂದ್ರೆ ಬೀದೀಲಿ ನನಗೆ ಮರ್ಯಾದೆ ಜಾಸ್ತಿ ಆಗುತ್ತಾ?”

“ನ್ಯಾಯಾಧೀಶೆ ಅಲ್ಲ, ಸದಸ್ಯೆ.”

“ಹಾಗಾದ್ರೆ ಅರ್ಧ ಮರ್ಯಾದೆ. ಇರಲಿ, ಈಗ ಇರೋದಕ್ಕಿಂತ ಅರ್ಧ ಹೆಚ್ಚೇ.”

ನಾದಿನಿ ಮಾತ್ರ ನಗಲಿಲ್ಲ. “ಅತ್ತಿಗೆ, ಆ ಕೊಡೆ ರಿಪೇರಿಯವರ ಕಥೆ ನೀವು ನನಗೆ ಎಷ್ಟು ಸಲ ಹೇಳಿದ್ದೀರಿ ಗೊತ್ತಾ? ಕೇಳೋ ಜಾಗದಲ್ಲಿ ಕೂತ್ಕೊಳ್ಳೋಕೆ ಈಗ ದಾರಿ ಇದೆ. ಹಾಕದೇ ಹೋದ್ರೆ ಇನ್ಮೇಲೆ ಆ ಕಥೆ ನನ್ನ ಹತ್ರ ಹೇಳಬೇಡಿ.”

ಅರ್ಜಿಯ ನಮೂನೆ ಹನ್ನೆರಡು ಪುಟದ್ದು. ಮೊದಲ ಪ್ರಶ್ನೆ, ಎರಡು ಕಡೆಯವರಿಗೂ ಸಮನಾಗಿ ಕಿವಿಗೊಟ್ಟ ಒಂದು ಸಂದರ್ಭವನ್ನು ಮುನ್ನೂರು ಪದಗಳಲ್ಲಿ ವಿವರಿಸಿ ಎನ್ನುವುದು. ಅಳತೆಯಮ್ಮ ಭಾನುವಾರವಿಡೀ ಕೂತು ಬರೆದರು. ನಾದಿನಿ ಟೈಪು ಮಾಡಲು ಎತ್ತಿಕೊಂಡು ಗಟ್ಟಿಯಾಗಿ ಓದಿದಳು.

“‘ಮೊದಲ ಮಹಡಿ, ಹಿಂದಿನ ಕೋಣೆ. ಮಾಲೀಕರು ಹನ್ನೊಂದು ಅಡಿ ಎಂದರು. ಬಾಡಿಗೆದಾರರು ಒಂಬತ್ತೂವರೆ ಎಂದರು. ಅಳೆದೆ. ಹತ್ತು ಅಡಿ ನಾಲ್ಕು ಅಂಗುಲ. ಇಬ್ಬರಿಗೂ ಟೇಪು ತೋರಿಸಿದೆ. ಒಪ್ಪಿದರು.’ ಅತ್ತಿಗೆ, ಮುಂದಿನ ಪುಟ ಎಲ್ಲಿ?”

“ಅಷ್ಟೇ.”

“ಮುನ್ನೂರು ಪದ ಕೇಳಿದ್ದಾರೆ. ಇದು ಇಪ್ಪತ್ತೂ ದಾಟಿಲ್ಲ.”

“ಒಪ್ಪಿದ ಮೇಲೆ ಇನ್ನೇನು ಬರೆಯೋದು?”

“ಒಪ್ಪೋಕೆ ಮುಂಚೆ ಏನಾಯ್ತು? ಯಾರು ಕೂಗಾಡಿದ್ರು? ನೀವು ಎಲ್ಲಿ ಕೂತಿದ್ರಿ? ಇಬ್ಬರ ಕೈಗೂ ಟೇಪಿನ ಒಂದೊಂದು ತುದಿ ಕೊಟ್ರಿ ಅಂತ ಅವತ್ತು ಹೇಳಿದ್ರಲ್ಲ, ಅದೆಲ್ಲಿ ಹೋಯ್ತು?”

“ಅದನ್ನೂ ಬರೀಬೇಕಾ? ಅದು ಕೆಲಸ ಮಾಡೋ ರೀತಿ ಅಲ್ವಾ.”

“ಅವರು ಕೇಳ್ತಾ ಇರೋದು ಅದನ್ನೇ, ನನ್ನ ಬಂಗಾರದಂಥ ಅತ್ತಿಗೆ.”

ಹೀಗೆ ನಾಲ್ಕು ಸಂಜೆ ನಡೆಯಿತು. ನಾದಿನಿ ಪ್ರಶ್ನೆ ಕೇಳುವಳು, ಅಳತೆಯಮ್ಮ ಹೇಳುವರು. ತೆಗೆದುಕೊಂಡ ನಿರ್ಧಾರವನ್ನು ಬದಲಿಸಿದ ಸಂದರ್ಭ ಯಾವುದು ಎನ್ನುವುದಕ್ಕೆ, ‘ಹಳೆಯ ಬಿರುಕು, ಭಯ ಬೇಡ’ ಎಂದು ತಾವೇ ಹೇಳಿ ಬಂದಿದ್ದ ಗೋಡೆಯ ಮೇಲೆ ಗಾಜಿನ ಪಟ್ಟಿ ಒಡೆದದ್ದನ್ನು ಹೇಳಿದರು. ಅಂದೇ ಆ ಮನೆಯವರ ಮುಂದೆ ಕೂತು, ‘ನಾನು ಹೇಳಿದ್ದು ತಪ್ಪು, ಇವತ್ತೇ ಈ ಕೋಣೆಯಿಂದ ಮಂಚ ಎತ್ತಿ’ ಎಂದಿದ್ದರು. ಈ ಹುದ್ದೆ ಏಕೆ ಬೇಕು ಎಂಬ ಕೊನೆಯ ಪ್ರಶ್ನೆಗೆ ಮಾತ್ರ ಯಾರ ಸಹಾಯವೂ ಬೇಕಾಗಲಿಲ್ಲ. ಕೊಡೆ ರಿಪೇರಿಯವಳ ಹೆಸರು ಹೇಳದೆ, ಇದ್ದದ್ದು ಇದ್ದಂತೆ ಬರೆದಿದ್ದರು. ನಾದಿನಿ ಅದನ್ನು ಒಂದು ಅಕ್ಷರವನ್ನೂ ಬದಲಿಸದೆ ಟೈಪು ಮಾಡಿದಳು.

ಅರ್ಜಿದಾರರ ಕೆಲಸ ಬಲ್ಲ ಇಬ್ಬರ ಅಭಿಪ್ರಾಯ ಪತ್ರವೂ ಬೇಕಿತ್ತು. ಒಂದನ್ನು ಕಚೇರಿಯ ಸಾಹೇಬರು ಕೊಟ್ಟರು. ಇಂಥವರು ಹೋದರೆ ನಮಗೆ ಕಷ್ಟ ಎಂದೂ, ಇದ್ದರೆ ಅವರ ಬೆಳವಣಿಗೆಗೆ ಕಷ್ಟ ಎಂದೂ ಬರೆದು, ಅಡ್ಡಗೋಡೆಯ ಮೇಲೆ ದೀಪ ಇಟ್ಟು ಸಹಿ ಹಾಕಿದ್ದರು. ಎರಡನೆಯದಕ್ಕೆ ಯಾರನ್ನು ಕೇಳುವುದು? ಗಂಡ ಹೇಳಿದರು: “ನಿನ್ನ ಕೆಲಸಾನ ಹತ್ತಿರದಿಂದ ನೋಡಿದವರು ಯಾರು ಅಂತ ಯೋಚನೆ ಮಾಡು. ಇಷ್ಟಪಟ್ಟವರು ಯಾರು ಅಂತ ಅಲ್ಲ.”

ಅಳತೆಯಮ್ಮ ಎರಡು ದಿನ ಯೋಚಿಸಿ, ಮೂರನೇ ದಿನ ಕೆಮ್ಮು ವಕೀಲರ ಕಚೇರಿಯ ಮೆಟ್ಟಿಲು ಹತ್ತಿದರು. ಮೆಟ್ಟಿಲುಗಳಲ್ಲಿ ಐದನೆಯದು ಮುಕ್ಕಾಲು ಅಂಗುಲ ಎತ್ತರ ಹೆಚ್ಚಿತ್ತು. ಅದು ಅವರ ಕಾಲಿಗೆ ತಿಳಿಯಿತು.

ವಕೀಲರು ಕಡತಗಳ ಗುಡ್ಡದ ಹಿಂದಿನಿಂದ ಇಣುಕಿದರು. “ಬನ್ನಿ ಬನ್ನಿ. ಕಟಕಟೆ ಇಲ್ಲದೆ ನಿಮ್ಮನ್ನ ನೋಡ್ತಾ ಇರೋದು ಇದೇ ಮೊದಲು. ಇಷ್ಟು ಗಿಡ್ಡ ಇದ್ದೀರಿ ಅಂತ ಗೊತ್ತೇ ಇರಲಿಲ್ಲ.”

ಅಳತೆಯಮ್ಮ ವಿಷಯ ಹೇಳಿದರು. ವಕೀಲರು ಕನ್ನಡಕ ತೆಗೆದು ಒರೆಸಿದರು.

“ಅಮ್ಮಾ, ಇಪ್ಪತ್ತು ವರ್ಷದಿಂದ ನಿಮ್ಮನ್ನ ಸುಳ್ಳು ಅಂತ ಸಾಬೀತು ಮಾಡೋಕೆ ಹೆಣಗಾಡಿದ್ದೀನಿ. ಒಂದ್ಸಲಾನೂ ಆಗ್ಲಿಲ್ಲ. ನಿಮ್ಮ ಬಗ್ಗೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಎಂದು, ಸ್ವಲ್ಪ ತಡೆದು ಕೆಮ್ಮಿದರು. ಅಳತೆಯಮ್ಮ ಅಭ್ಯಾಸಬಲದಿಂದ ಕುರ್ಚಿಯಲ್ಲೇ ನೆಟ್ಟಗಾದರು. “ಒಂದು ಕೇಳ್ತೀನಿ. ಆ ಕೊಡೆ ಹೆಂಗಸಿನ ಕೇಸು. ನಾನು ಮೂರನೇ ಪ್ರಶ್ನೆ ಕೇಳದೇ ಕೂತೆ ಅಂತ ನನ್ನ ಮೇಲೆ ಸಿಟ್ಟಿದೆಯಾ?”

“ಇಲ್ಲ ಸಾರ್. ನೀವು ಮಾಲೀಕರ ವಕೀಲರು. ಆ ಪ್ರಶ್ನೆ ಕೇಳೋದು ನಿಮ್ಮ ಕೆಲಸ ಅಲ್ಲ.”

“ಯಾರ ಕೆಲಸ?”

“ಪೀಠದ್ದು.”

ವಕೀಲರು ತಲೆಯಾಡಿಸಿ, ಪೆನ್ನು ತೆಗೆದುಕೊಂಡು, ಅವರ ಎದುರಿಗೇ ಒಂದು ಪುಟ ಬರೆದು ಲಕೋಟೆ ಅಂಟಿಸಿಬಿಟ್ಟರು. “ಒಳಗೇನಿದೆ ಅಂತ ಕೇಳಬೇಡಿ. ನಾಳೆ ಮತ್ತೆ ಅಡ್ಡಪ್ರಶ್ನೆ ಹಾಕೋದು ಇದೆ, ತಲೆಗೇರಿಸ್ಕೊಂಡುಬಿಡ್ತೀರಿ.”

ಎರಡು ತಿಂಗಳಾದ ಮೇಲೆ ಸಂದರ್ಶನದ ಕರೆ ಬಂತು. ಬರಿಯ ಸಂದರ್ಶನವಲ್ಲ, ಅಣಕು ವಿಚಾರಣೆಯೂ ಇತ್ತು. ಮಾಲೀಕ, ಬಾಡಿಗೆದಾರರ ವೇಷದಲ್ಲಿ ಮಂಡಳಿಯ ನೌಕರರು ಇಬ್ಬರು ಜಗಳವಾಡುತ್ತಾರೆ. ಅಭ್ಯರ್ಥಿ ಒಬ್ಬರೇ ಪೀಠದಲ್ಲಿ ಕೂತು ನಡೆಸಬೇಕು. ಆಯ್ಕೆ ಸಮಿತಿಯ ಮೂವರು ಹಿಂದಿನ ಸಾಲಿನಲ್ಲಿ ಕೂತು ನೋಡುತ್ತಾರೆ. ಮನೆಯಲ್ಲಿ ಗಂಡನೇ ಮಾಲೀಕನಾಗಿ ನಿಂತು ಅಭ್ಯಾಸ ಮಾಡಿಸಿದರು. “ನನ್ನ ಮನೆ ಗೋಡೆ ಒದ್ದೆ ಅಂತಾಳಲ್ಲ, ಇವಳ ಬಾಯೇ ಒದ್ದೆ!” ಎಂದು ಅಬ್ಬರಿಸುತ್ತಿದ್ದಾಗ ಗಿರಾಕಿಯೊಬ್ಬರು ಹಲ್ಲು ಒಯ್ಯಲು ಬಾಗಿಲಿಗೆ ಬಂದು, ಗಂಡ ಹೆಂಡತಿ ಜಗಳ ಎಂದುಕೊಂಡು ಸದ್ದಿಲ್ಲದೆ ಹಿಂದಿರುಗಿದರು.

ಸಂದರ್ಶನದ ದಿನ ಹೊರಗೆ ಕಾಯುತ್ತಿದ್ದವರು ಅಳತೆಯಮ್ಮನೂ ಸೇರಿ ಐವರು. ಒಬ್ಬರು ನಿವೃತ್ತ ಇಂಜಿನಿಯರು, ಒಬ್ಬರು ಕಾಲೇಜಿನ ಪ್ರಾಧ್ಯಾಪಕರು, ಉಳಿದಿಬ್ಬರ ಕೈಯಲ್ಲಿ ಹೊಳೆಯುವ ಚರ್ಮದ ಪೆಟ್ಟಿಗೆಗಳು. ಅಳತೆಯಮ್ಮನ ಸರದಿ ಬಂದಾಗ ಗುಮಾಸ್ತ ಬಾಗಿಲು ತೆರೆದರು. ನಿಜವಾದ ವಿಚಾರಣಾ ಕೊಠಡಿ ಅದು. ಎದುರಿಗೆ ಎತ್ತರದಲ್ಲಿ ಪೀಠ, ಎಡಗಡೆ ಕಟಕಟೆ. ಅಳತೆಯಮ್ಮ ನೆಟ್ಟಗೆ ನಡೆದು, ಎರಡು ಮೆಟ್ಟಿಲು ಹತ್ತಿ, ಕಟಕಟೆಯಲ್ಲಿ ನಿಂತು ಬಲಗೈ ಎತ್ತಿದರು.

ಮಾಲೀಕನ ವೇಷದವರು ಬಾಡಿಗೆದಾರಳ ವೇಷದವರ ಮುಖ ನೋಡಿದರು.

“ಮೇಡಂ,” ಗುಮಾಸ್ತ ಮೆಲ್ಲಗೆ ಹೇಳಿದರು, “ನೀವು ಕೂರಬೇಕಾದ್ದು ಮೇಲೆ.”

ಹಿಂದಿನ ಸಾಲಿನಲ್ಲಿ ಯಾರೋ ನಗುವನ್ನು ಕೆಮ್ಮಾಗಿ ಮಾಡಿಕೊಂಡರು. ಇಪ್ಪತ್ತಾರು ವರ್ಷ ಒಂದೇ ದಾರಿ ತುಳಿದ ಕಾಲು, ಅದಕ್ಕೇನು ಗೊತ್ತು ಹೊಸ ದಾರಿ. ಅಳತೆಯಮ್ಮ ಇಳಿದು, ಕಿವಿ ಬಿಸಿಯಾದದ್ದನ್ನು ಸಹಿಸಿಕೊಂಡು ಪೀಠ ಹತ್ತಿದರು.

ವಿವಾದ ಒಂದು ಮಲಗುವ ಕೋಣೆಯದು. ಗೋಡೆಯ ಮೇಲೆ ಕಪ್ಪು ಬೂಷ್ಟು. ಒಳಗೆ ಬಟ್ಟೆ ಒಣಹಾಕುತ್ತಾಳೆ, ಕಿಟಕಿ ತೆರೆಯುವುದಿಲ್ಲ, ಅದಕ್ಕೇ ಹೀಗೆ ಎಂದು ಮಾಲೀಕ. ಗೋಡೆಯೇ ಕೆಟ್ಟಿದೆ ಎಂದು ಬಾಡಿಗೆದಾರಳು. ಮುಂದೆ ಛಾಯಾಚಿತ್ರಗಳು, ತೇವದ ಅಂಕಿಗಳು, ಒಂದು ನಕ್ಷೆ.

ಛಾಯಾಚಿತ್ರ ನೋಡಿದ ಕೂಡಲೇ ಅಳತೆಯಮ್ಮನ ಭಯ ಮಾಯವಾಯಿತು. ಇದು ಅವರ ಮನೆ ಅಂಗಳ. “ಈ ಕಲೆ ಮೇಲಿಂದ ಇಳಿದಿಲ್ಲ, ಕೆಳಗಿಂದ ಏರಿದೆ” ಎಂದು ಶುರುಮಾಡಿದರು. “ಮೂರಡಿ ಎತ್ತರದಲ್ಲಿ ಬಿಳಿ ಗೆರೆ ಕಾಣ್ತಾ ಇದೆಯಲ್ಲ, ಅದು ಉಪ್ಪು. ನೆಲದ ನೀರು ಗೋಡೆ ಹತ್ತಿದಾಗ ಹೀಗಾಗುತ್ತೆ. ಬಟ್ಟೆ ಒಣಹಾಕಿದ್ರೆ ಬೂಷ್ಟು ಮೂಲೆಗೆ, ಕಿಟಕಿ ಸುತ್ತ ಬರುತ್ತೆ, ಈ ರೀತಿ ಅಲ್ಲ. ಅಂಕಿ ನೋಡಿ, ಕೆಳಗೆ ಹೆಚ್ಚು, ಮೇಲಕ್ಕೆ ಹೋದಂತೆ ಕಡಿಮೆ. ನೆಲಕ್ಕೂ ಗೋಡೆಗೂ ನಡುವೆ ನೀರು ತಡೆಯೋ ಪದರ ಇಲ್ಲ.” ಹೀಗೆ ಮೂರು ನಿಮಿಷ ಎಲ್ಲೂ ತಡವರಿಸದೆ ಹೇಳಿದರು. ಅಂಥ ಸಾಕ್ಷ್ಯವನ್ನು ಅವರು ತಮ್ಮ ಜೀವಮಾನದಲ್ಲೇ ಹೇಳಿರಲಿಲ್ಲ.

ಆಗ ಮಾಲೀಕನ ವೇಷದವರ ಮುಖ ಕಣ್ಣಿಗೆ ಬಿತ್ತು. ಅವರು ಏನೋ ಹೇಳಲು ಬಾಯಿ ತೆರೆದಿದ್ದರು. ತೆರೆದದ್ದನ್ನು ಮುಚ್ಚಿದರು.

ಅಳತೆಯಮ್ಮನ ಮಾತು ನಿಂತಿತು. ಬಾಯಿ ಹಾಗೆ ತೆರೆದು ಹಾಗೆ ಮುಚ್ಚುವುದು ಹೇಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ಛಾಯಾಚಿತ್ರವನ್ನು ಮೇಜಿನ ಮೇಲೆ ಮಗುಚಿ ಇಟ್ಟರು.

“ಕ್ಷಮಿಸಿ” ಎಂದರು. “ನಾನು ಈಗ ಹೇಳಿದ್ದು ನಿಮ್ಮಿಬ್ಬರ ಕಾಗದದಲ್ಲಿ ಇಲ್ಲ. ನನ್ನ ಅನುಭವದಿಂದ ಹೇಳಿದೆ. ತಪ್ಪೂ ಇರಬಹುದು. ಇದಕ್ಕೆ ನೀವು ಏನು ಹೇಳ್ತೀರಿ? ನಿಧಾನವಾಗಿ ಹೇಳಿ.”

ಮಾಲೀಕನ ವೇಷದವರು ತಮ್ಮ ಕಡತದ ಅಡಿಯಿಂದ ಇನ್ನೊಂದು ಹಾಳೆ ಎಳೆದರು. ಕೇಳಿದರೆ ಮಾತ್ರ ಹೊರಗೆ ಬರಬೇಕೆಂದು ಅಲ್ಲಿ ಇಟ್ಟಿದ್ದ ಹಾಳೆ ಅದು. ಎರಡು ವರ್ಷದ ಹಿಂದೆ ಮನೆಯ ನೆಲವನ್ನು ಅಗೆಸಿ, ನೀರು ಏರದಂತೆ ಪದರ ಹಾಸಿದ್ದಕ್ಕೆ ಕಂತ್ರಾಟುದಾರರ ಪತ್ರ. ಅಂದರೆ ಅಳತೆಯಮ್ಮ ಅಷ್ಟು ಖಚಿತವಾಗಿ ಇಲ್ಲ ಎಂದಿದ್ದ ಪದರ ಇತ್ತು. ಅವರು ಹಾಳೆಯನ್ನು ಎರಡು ಸಲ ಓದಿ ಬಾಡಿಗೆದಾರಳತ್ತ ಚಾಚಿದರು.

“ನೀವೂ ನೋಡಿ. ಈ ಕೆಲಸ ನಡೆದಾಗ ಮನೇಲಿ ಇದ್ರಾ?”

“ಇದ್ದೆ ಮೇಡಂ. ಹಜಾರ, ಅಡುಗೆಮನೆ ಅಗೆದ್ರು. ಮಲಗೋ ಕೋಣೇಲಿ ಅವರ ಹಳೇ ಬೀರು ಇತ್ತು. ಎತ್ತೋಕಾಗಲ್ಲ ಅಂತ ಹಾಗೇ ಬಿಟ್ಟು ಹೋದ್ರು.”

“ಹೌದಾ?” ಎಂದು ಮಾಲೀಕನ ಕಡೆ ತಿರುಗಿದರು.

“ಬೀರು ನಮ್ಮಪ್ಪನ ಕಾಲದ್ದು” ಎಂದರು ಅವರು, ವೇಷ ಮರೆಯದೆ. “ಅದನ್ನ ಎತ್ತೋಕೆ ಆರು ಜನ ಬೇಕು.”

ಎಲ್ಲರೂ ನಕ್ಕರು. ಆದೇಶ ಹೇಳಲು ಅಳತೆಯಮ್ಮನಿಗೆ ಹತ್ತು ನಿಮಿಷ ಕೊಟ್ಟರು. ನಾಲ್ಕು ನಿಮಿಷದಲ್ಲಿ ಹೇಳಿದರು: ಪದರ ಹಾಸಿದ್ದು ನಿಜ, ಮಲಗುವ ಕೋಣೆಯಲ್ಲಿ ಹಾಸದೆ ಬಿಟ್ಟದ್ದೂ ನಿಜ. ಆ ಕೋಣೆಯ ದುರಸ್ತಿ ಮಾಲೀಕರ ಮೇಲೆ. ಬೀರು ಎತ್ತಲು ಬಾಡಿಗೆದಾರರು ದಾರಿ ಬಿಡಬೇಕು.

ಆಮೇಲೆ ಪ್ರಶ್ನೆಗಳು. ಸಮಿತಿಯ ಮುಖ್ಯಸ್ಥೆ ನಿವೃತ್ತ ನ್ಯಾಯಾಧೀಶೆ. ತಲೆ ಪೂರ್ತಿ ಬೆಳ್ಳಗಾಗಿದ್ದರೂ ಕಣ್ಣು ಚುರುಕು. ಕಟಕಟೆಯ ವಿಷಯ ಎತ್ತಲಿಲ್ಲ. ಒಂದೇ ಕೇಳಿದರು.

“ಮಾತಿನ ಮಧ್ಯೆ ಯಾಕೆ ನಿಲ್ಲಿಸಿದ್ರಿ? ನೀವು ಹೇಳ್ತಾ ಇದ್ದದ್ದು ಕೊನೆಗೆ ಹೆಚ್ಚುಕಡಿಮೆ ಸರೀನೇ ಇತ್ತಲ್ಲ.”

“ಸರಿ ಇತ್ತು ಅನ್ನೋದು ಆಮೇಲೆ ಗೊತ್ತಾಯ್ತು, ಮೇಡಂ. ಆಗ ನಾನು ಸಾಕ್ಷಿ ಹೇಳ್ತಾ ಇದ್ದೆ. ಸಾಕ್ಷಿ ತಪ್ಪು ಹೇಳಿದ್ರೆ ಹಿಡಿಯೋಕೆ ವಕೀಲರು ಇರ್ತಾರೆ, ಅಡ್ಡಪ್ರಶ್ನೆ ಹಾಕ್ತಾರೆ. ಈ ಕುರ್ಚೀಲಿ ಕೂತವರು ತಪ್ಪು ಹೇಳಿದ್ರೆ ಯಾರು ಕೇಳ್ತಾರೆ?”

ಮುಖ್ಯಸ್ಥೆ ಏನೋ ಬರೆದುಕೊಂಡರು. “ನೀವಿನ್ನು ಹೊರಡಬಹುದು” ಎಂದರು. ಮುಖದಲ್ಲಿ ಏನೂ ಕಾಣಲಿಲ್ಲ.

ಮನೆಗೆ ಬಂದು ಅಳತೆಯಮ್ಮ ಚಪ್ಪಲಿ ಬಿಡುತ್ತಲೇ ಹೇಳಿದರು: “ಮುಗೀತು. ಮೊದಲು ಕಟಕಟೆ ಹತ್ತಿದೆ. ಆಮೇಲೆ ಪೀಠದಲ್ಲಿ ಕೂತು ಸಾಕ್ಷಿ ಹೇಳಿದೆ.”

ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಕೈ ಎತ್ತಿದ್ರಾ ಅತ್ತಿಗೆ? ನಿಜವಾಗಲೂ?”

“ಎತ್ತಿದೆ. ನಗು, ನಗು.”

ಮೂವರೂ ನಕ್ಕರು. ನಕ್ಕು ಮುಗಿದ ಮೇಲೆ ಅಳತೆಯಮ್ಮ ಅಡುಗೆಮನೆಗೆ ಹೋಗಿ ಸುಮಾರು ಹೊತ್ತು ಒಬ್ಬರೇ ಪಾತ್ರೆ ತೊಳೆದರು. ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆಯುತ್ತಿರುವುದು ಗಂಡನಿಗೆ ಕಾಣಿಸಿತು. ಅವರು ಪಕ್ಕದಲ್ಲಿ ನಿಂತು ಒರೆಸಿ ಇಟ್ಟರು.

ಏಳು ವಾರ ಕಳೆಯಿತು. ಕೆಮ್ಮು ವಕೀಲರು ಆ ನಡುವೆ ಎರಡು ಸಲ ಅಡ್ಡಪ್ರಶ್ನೆ ಹಾಕಿದರು, ಎರಡು ಸಲವೂ ಎಳ್ಳಷ್ಟೂ ರಿಯಾಯಿತಿ ತೋರಿಸಲಿಲ್ಲ. ಕಾಗದ ಬಂದ ದಿನ ಅಳತೆಯಮ್ಮ ಯಾರದೋ ಅಟ್ಟದ ಮೇಲೆ ಮೊಣಕಾಲೂರಿ ತೊಲೆ ಅಳೆಯುತ್ತಿದ್ದರು. ಮನೆಗೆ ಬಂದಾಗ ಗಂಡ ಲಕೋಟೆಯನ್ನು ಒಡೆಯದೆ, ಒಣಗುತ್ತಿದ್ದ ಹಲ್ಲಿನ ಸಾಲಿನ ಪಕ್ಕ ಆನಿಸಿ ಇಟ್ಟಿದ್ದರು. “ನಿನ್ನ ಹೆಸರಿಗೆ ಬಂದಿದೆ. ನಾನ್ಯಾಕೆ ಒಡೀಲಿ?” ಎಂದರು. ಬೆಳಕಿಗೆ ಹಿಡಿದು ನೋಡಿದ್ದರೆನ್ನುವುದು ಲಕೋಟೆಯ ಮೇಲಿನ ಅಂಟು ಬೆರಳ ಗುರುತಿನಿಂದ ತಿಳಿಯುತ್ತಿತ್ತು.

ಮೂರು ವರ್ಷದ ಅವಧಿಗೆ ನೇಮಕ. ಇನ್ನು ಮೇಲೆ ಎಲ್ಲೂ ಸಾಕ್ಷಿ ಹೇಳುವಂತಿಲ್ಲ, ವರದಿಗೆ ಸಹಿ ಹಾಕುವಂತಿಲ್ಲ. ವಸತಿ ಕಚೇರಿಯಲ್ಲಿ ಉಳಿದ ದಿನಗಳಲ್ಲಿ ಹೊಸಬರಿಗೆ ತರಬೇತಿ ಕೊಡಬಹುದು. ಜೊತೆಗೆ ಸಮಿತಿಯ ಟಿಪ್ಪಣಿಯ ಎರಡು ಸಾಲು. ವಿಚಾರಣೆಯ ಶಿಸ್ತು ಕಲಿಯಬೇಕಿದೆ, ಅದನ್ನು ಕಲಿಸಬಹುದು ಎಂಬುದು ಒಂದು. ತಾನು ಬಲ್ಲದ್ದನ್ನೂ ಪ್ರಶ್ನೆಗೆ ಒಡ್ಡಿದರು, ಇದನ್ನು ಕಲಿಸಲಾಗದು ಎಂಬುದು ಇನ್ನೊಂದು. ಗಂಡ ಎರಡನೇ ಸಾಲನ್ನು ಗಟ್ಟಿಯಾಗಿ ಓದಿ, ತಂಗಿಗೆ ಫೋನು ಮಾಡಿ ಮತ್ತೊಮ್ಮೆ ಓದಿದರು. ಫೋನಿನಿಂದ ಬಂದ ಕಿರುಚಾಟಕ್ಕೆ ಕಿಟಕಿಯ ಆಚೆ ಹೋಗುತ್ತಿದ್ದ ಒಬ್ಬರು ನಿಂತು ನೋಡಿದರು.

ಮೊದಲ ಕಲಾಪದ ದಿನ ಬೆಳಗ್ಗೆ ಏಳು ಹತ್ತರ ಬಸ್ಸು. ಪಕ್ಕದ ಜಿಲ್ಲೆಯ ಮಂಡಳಿ ಹಳೆಯ ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿತ್ತು. ಅಧ್ಯಕ್ಷರು ಮಾತು ಕಡಿಮೆಯ ಮನುಷ್ಯ; ಕುರ್ಚಿ ತೋರಿಸಿ, ನೀರಿನ ಲೋಟ ತೋರಿಸಿ, “ಕೇಳಬೇಕು ಅನ್ನಿಸಿದ್ದನ್ನ ಕೇಳಿ, ನನ್ನ ಮುಖ ನೋಡ್ತಾ ಕೂರಬೇಡಿ” ಎಂದರು. ಅಂದು ಮೂರು ಮೊಕದ್ದಮೆಗಳಿದ್ದವು. ಅಳತೆಯಮ್ಮ ಒಟ್ಟು ಹದಿನಾರು ಪ್ರಶ್ನೆ ಕೇಳಿದರು. ಎರಡನೇ ಮೊಕದ್ದಮೆಯಲ್ಲಿ ಅವರ ಒಂದು ಪ್ರಶ್ನೆಗೆ ಎರಡೂ ಕಡೆಯ ವಕೀಲರು ಒಟ್ಟಿಗೆ ಕಡತ ತಿರುವಿಹಾಕತೊಡಗಿದಾಗ, ಅಧ್ಯಕ್ಷರು ಮೊದಲ ಸಲ ಅವರತ್ತ ತಿರುಗಿ ನೋಡಿದರು.

ಸಂಜೆ ಊಟಕ್ಕೆ ಕೂತಾಗ ನಾದಿನಿಯೂ ಇದ್ದಳು. ಗಂಡ ತಟ್ಟೆ ಹತ್ತಿರ ಎಳೆದುಕೊಂಡು ಹುರುಪಿನಿಂದ ಕೇಳಿದರು: “ಹೂಂ, ಶುರುಮಾಡು. ಯಾರ ಮನೆ, ಯಾವ ಗೋಡೆ, ಯಾರು ಯಾರಿಗೆ ಬೈದ್ರು?”

ಅಳತೆಯಮ್ಮ ಬಾಯಿಗೆ ತುತ್ತಿಟ್ಟುಕೊಂಡು ನಿಧಾನವಾಗಿ ಅಗಿದರು. “ಹೇಳೋ ಹಾಗಿಲ್ಲ.”

“ಏನಂದೆ?”

“ಆದೇಶ ಹೊರಗೆ ಬರೋವರೆಗೂ ಹೇಳೋ ಹಾಗಿಲ್ಲ. ಬಂದ ಮೇಲೂ ಆದೇಶದಲ್ಲಿ ಇರೋದಷ್ಟೇ. ಪ್ರಮಾಣ ಮಾಡಿದ್ದೀನಿ.”

ಗಂಡ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ತಂಗಿಯ ಕಡೆ ತಿರುಗಿದರು. “ಇಪ್ಪತ್ತಾರು ವರ್ಷ ಊರಿನ ಜಗಳ ಎಲ್ಲಾ ಊಟದ ಜೊತೆ ನಂಚಿಕೊಳ್ಳೋಕೆ ಸಿಗ್ತಿತ್ತು. ಅರ್ಜಿ ಹಾಕು ಅಂತ ಇವಳಿಗೆ ಹೇಳಿದ್ದು ಯಾರು? ನೀನೇ ತಾನೆ?”

“ನಾನೊಬ್ಬಳೇನಾ? ಕಡಲೆ, ಹಲ್ಲು ಅಂತ ಗಾದೆ ಹೇಳಿದ್ದು ಯಾರಣ್ಣ?” ಎಂದಳು ನಾದಿನಿ, ಆಮೇಲೆ ಅತ್ತಿಗೆಯ ಕಡೆ ಬಾಗಿ ದನಿ ತಗ್ಗಿಸಿದಳು. “ನಂಗೆ ಮಾತ್ರ ಹೇಳಿ ಅತ್ತಿಗೆ. ಸೋರುತ್ತಿದ್ದದ್ದು ಚಾವಣಿನಾ, ಗೋಡೆನಾ? ತಲೆ ಆಡಿಸಿದ್ರೂ ಸಾಕು.”

ಅಳತೆಯಮ್ಮ ತಲೆಯನ್ನೂ ಆಡಿಸಲಿಲ್ಲ. ಇನ್ನೊಂದು ಸೌಟು ಅನ್ನ ಬಡಿಸಿಕೊಂಡರು. ಬಹಳ ದಿನಗಳ ಮೇಲೆ ಅವರಿಗೆ ಅಷ್ಟು ಹಸಿವಾಗಿತ್ತು.